ಸಮಾಜ ವಿಜ್ಞಾನದ ಪ್ರಾಜೆಕ್ಟ್‌ಗೆ ಯಾವ ಚಿತ್ರ, ಯಾವ ತಂತ್ರಾಂಶ? – ಬೋಧನಾಭ್ಯಾಸದ ಒಂದು ಅನುಭವ

ಹಿನ್ನೆಲೆ

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಬಿ.ಎಸ್ಸಿ.ಯ ಮೂರು ವರ್ಷ ಪ್ರಯೋಗಾಲಯದಲ್ಲಿ ಆಲೇಖದ ಹಾಳೆಯ ಮೇಲೆ ಚುಕ್ಕಿ ಇಟ್ಟು ರೇಖೆ ಎಳೆದವಳು ನಾನು. ಬೋಧನಾಭ್ಯಾಸದ ಎರಡನೇ ವಾರ, ನಾನಿದ್ದ ಪ್ರೌಢಶಾಲೆಯ ಸಮಾಜ ವಿಜ್ಞಾನದ ಶಿಕ್ಷಕಿ, "ನಿಮಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತಲ್ಲ, ಒಂಬತ್ತನೇ ತರಗತಿಯ ಪ್ರಾಜೆಕ್ಟ್‌ಗೆ ಸ್ವಲ್ಪ ಸಹಾಯ ಮಾಡ್ತೀರಾ?" ಎಂದು ಕೇಳಿದಾಗ ಎರಡು ಮಾತಿಲ್ಲದೆ ಒಪ್ಪಿಕೊಂಡೆ. ನನ್ನ ಗಣಿತದ ಪಾಠಯೋಜನೆಯಲ್ಲೂ ಆಗ ಸಂಖ್ಯಾಶಾಸ್ತ್ರದ ಘಟಕವೇ ನಡೆಯುತ್ತಿತ್ತು. ಮಕ್ಕಳು ತಮ್ಮದೇ ಮಾಹಿತಿಯಿಂದ ಆಲೇಖ ಮಾಡಿದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ ಎಂದುಕೊಂಡೆ.

ಶಾಲೆ ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನಿಂದ ಹೆಚ್ಚು ದೂರವಿಲ್ಲದ ಊರಿನಲ್ಲಿ. ಪ್ರಾಜೆಕ್ಟ್‌ನ ವಿಷಯ "ನಮ್ಮ ಮನೆಯವರು ಈ ಊರಿಗೆ ಬಂದದ್ದು ಹೇಗೆ?" ಎಂಬುದು. ತರಗತಿಯಲ್ಲಿ 31 ಮಕ್ಕಳು. ಪ್ರತಿಯೊಬ್ಬರೂ ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಬೇಕು: ಮೂಲ ಊರು ಯಾವುದು, ಇಲ್ಲಿಗೆ ಬಂದ ಇಸವಿ ಯಾವುದು, ಬರಲು ಕಾರಣವೇನು, ಆಗ ಏನು ಕೆಲಸ ಮಾಡುತ್ತಿದ್ದರು. ಬಂದ ಉತ್ತರಗಳನ್ನು ನಕ್ಷೆ, ಕಾಲರೇಖೆ, ಆಲೇಖಗಳಾಗಿ ಮಾಡಿ ಶಾಲೆಯ ಪ್ರದರ್ಶನದಲ್ಲಿ ಇಡಬೇಕು.

ಈ ಭಾಗದ ಪರಿಚಯವಿಲ್ಲದ ಸಹಪಾಠಿಗಳಿಗಾಗಿ ಒಂದು ಮಾತು. ಶರಾವತಿಗೆ ಮೊದಲು ಕಟ್ಟಿದ್ದು ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು. ಜೋಗದ ವಿದ್ಯುತ್ ಕೇಂದ್ರಕ್ಕೆ ನೀರು ಕೊಡಲು 1948ರ ಹೊತ್ತಿಗೆ ಅದು ಸಿದ್ಧವಾಯಿತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಅದರ ಪೂರ್ಣ ಮಟ್ಟ 1,819 ಅಡಿ. ಆ ನೀರಿನಲ್ಲಿ ಹಳೆಯ ಅಣೆಕಟ್ಟೂ ಮುಳುಗಿತು, ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಅದು ಮತ್ತೆ ಕಾಣುತ್ತದೆ. ಅನೇಕ ಊರುಗಳ ಜನ ಗದ್ದೆ, ಮನೆ ಬಿಟ್ಟು ತಾಲ್ಲೂಕಿನ ಒಳಗೂ ಹೊರಗೂ ಚದುರಿದರು. ನಾ. ಡಿಸೋಜ ಅವರ ಕಾದಂಬರಿ ಆಧರಿಸಿ ಗಿರೀಶ್ ಕಾಸರವಳ್ಳಿ ಅವರು ನಿರ್ದೇಶಿಸಿದ "ದ್ವೀಪ" ಚಿತ್ರವನ್ನು ನೋಡಿದವರಿಗೆ ಈ ಮುಳುಗಡೆಯ ಸಂಗತಿ ಗೊತ್ತಿರುತ್ತದೆ. ನಾನು ಬಯಲುಸೀಮೆಯವಳು. ಲಿಂಗನಮಕ್ಕಿ ನನಗೆ ಸಾಮಾನ್ಯಜ್ಞಾನದ ಒಂದು ಉತ್ತರವಾಗಿ ಮಾತ್ರ ಗೊತ್ತಿತ್ತು. ಈ ಲೇಖನದಲ್ಲಿ ಬರುವ ತಪ್ಪುಗಳಿಗೆ ಅದೂ ಒಂದು ಕಾರಣ.

ಉದ್ದೇಶಗಳು

ಪಾಠಯೋಜನೆಯಲ್ಲಿ ನಾನು ಬರೆದ ಉದ್ದೇಶಗಳು ಇವು:

1. ಮಕ್ಕಳು ಸಂದರ್ಶನದ ಮಾಹಿತಿಯನ್ನು ಕೋಷ್ಟಕಕ್ಕೆ ಇಳಿಸುವರು.
2. ಮಾಹಿತಿಗೆ ಹೊಂದುವ ಚಿತ್ರರೂಪವನ್ನು ಆರಿಸುವರು.
3. ಕಂಪ್ಯೂಟರ್ ತಂತ್ರಾಂಶ ಬಳಸಿ ಆ ಚಿತ್ರವನ್ನು ರಚಿಸುವರು.
4. ಚಿತ್ರದಿಂದ ತೀರ್ಮಾನ ಹೇಳುವರು.

ನಾನು ಬರೆಯದೆ ಬಿಟ್ಟ ಐದನೆಯ ಉದ್ದೇಶವೊಂದಿತ್ತು: "ಚಿತ್ರದಲ್ಲಿ ಬಾರದೆ ಉಳಿದದ್ದು ಏನು ಎಂದು ಗುರುತಿಸುವರು." ಅದನ್ನು ನನಗೆ ಕಲಿಸಿದವರು ಮಕ್ಕಳು.

ನನ್ನ ಮೊದಲ ಎರಡು ತಪ್ಪುಗಳು

ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಮಾಡುವ ಯಂತ್ರಗಳು ಎಂಟು. ಅವುಗಳಲ್ಲಿ ಲಿಬ್ರೆಆಫೀಸ್ ಇತ್ತು, ಅಂತರಜಾಲ ಇರಲಿಲ್ಲ. ನನ್ನ ಫೋನಿನ ಹಾಟ್‌ಸ್ಪಾಟ್‌ನಿಂದ ಒಂದು ಲ್ಯಾಪ್‌ಟಾಪ್‌ಗೆ ಸಂಪರ್ಕ ಕೊಟ್ಟು ಪ್ರೊಜೆಕ್ಟರ್‌ಗೆ ಜೋಡಿಸಿದೆ. ಹಾಸ್ಟೆಲ್‌ನಲ್ಲಿ ಒಂದು ವಾರ ಕುಳಿತು ಉಚಿತವಾಗಿ ಸಿಗುವ ತಂತ್ರಾಂಶಗಳನ್ನು ಹುಡುಕಿದ್ದೆ. ನೋಡಲು ಚೆಂದ ಇದೆಯೇ, ಬೇಗ ಆಗುತ್ತದೆಯೇ, ಬಣ್ಣ ಬದಲಿಸಬಹುದೇ ಎಂದು ನೋಡಿ ಆರಿಸಿದ್ದೆ. ಪ್ರಶ್ನೆ ಏನು, ಮಾಹಿತಿ ಎಂಥದ್ದು ಎಂದು ಯೋಚಿಸಿರಲಿಲ್ಲ.

ಮೊದಲ ತಪ್ಪು ನಕ್ಷೆಯದು. ಆನ್‌ಲೈನ್ ನಕ್ಷೆ ಮಾಡುವ ಒಂದು ತಂತ್ರಾಂಶಕ್ಕೆ ಊರಿನ ಹೆಸರುಗಳ ಕೋಷ್ಟಕ ಕೊಟ್ಟರೆ ಅದೇ ಜಾಗ ಹುಡುಕಿ ಚುಕ್ಕಿ ಇಡುತ್ತದೆ. 31 ಸಾಲುಗಳನ್ನು ಕೊಟ್ಟೆ. ಏಳು ಸಾಲುಗಳನ್ನು ನಕ್ಷೆಯಲ್ಲಿ ತೋರಿಸಲಾಗಲಿಲ್ಲ ಎಂಬ ಸೂಚನೆ ಬಂತು. ಕಾಗುಣಿತ ತಪ್ಪಿರಬೇಕು ಎಂದು ಎರಡು ಸಲ ತಿದ್ದಿ ನೋಡಿದೆ, ಆಗಲಿಲ್ಲ. ಮರುದಿನ ಪಾಠವಿತ್ತು. ಆ ಏಳು ಸಾಲುಗಳನ್ನು ಅಳಿಸಿಬಿಟ್ಟೆ. ಸೂಚನೆ ಹೋಯಿತು, ನಕ್ಷೆ ಸ್ವಚ್ಛವಾಯಿತು.

ತರಗತಿಯಲ್ಲಿ ನಕ್ಷೆ ತೋರಿಸಿದಾಗ ಮಕ್ಕಳು ಎದ್ದು ನಿಂತು ತಮ್ಮ ತಮ್ಮ ಚುಕ್ಕಿ ಹುಡುಕಿದರು. ಒಬ್ಬ ಹುಡುಗನ ಅಜ್ಜನ ಊರು ಹೊಸೂರು. ಆ ಹೆಸರಿನ ಊರು ಈ ಕಡೆ ಎಷ್ಟೋ ಇವೆ. ತಂತ್ರಾಂಶ ಅವರನ್ನು ತಮಿಳುನಾಡಿನ ಹೊಸೂರಿಗೆ ಕಳಿಸಿತ್ತು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆಗ ಮೂರನೇ ಬೆಂಚಿನ ಹುಡುಗಿಯೊಬ್ಬಳು, "ಮೇಡಂ, ನಮ್ಮನೆ ಎಲ್ಲಿ?" ಎಂದು ಕೇಳಿದಳು. ಅವಳ ಪಕ್ಕದವಳೂ ಕೇಳಿದಳು. ಒಟ್ಟು ಏಳು ಮಕ್ಕಳು. "ನಿಮ್ಮ ಊರು ಕಂಪ್ಯೂಟರಿಗೆ ಸಿಗಲಿಲ್ಲ" ಎಂದೆ. "ಸಿಗಲ್ಲ ಮೇಡಂ, ಅದು ನೀರಲ್ಲಿದೆ" ಎಂದಳು ಮೊದಲು ಕೇಳಿದ ಹುಡುಗಿ.

ಏಳೂ ಊರುಗಳು ಮುಳುಗಡೆಯವು. "ನಮ್ಮ ಮನೆಯವರು ಇಲ್ಲಿಗೆ ಬಂದದ್ದು ಹೇಗೆ?" ಎಂಬ ಪ್ರಶ್ನೆಗೆ ಅತಿ ಮುಖ್ಯವಾದ ಉತ್ತರ ಯಾರ ಬಳಿ ಇತ್ತೋ ಅವರನ್ನೇ ನಾನು ನಕ್ಷೆಯಿಂದ ತೆಗೆದುಹಾಕಿದ್ದೆ. ಅಂದು ಪಾಠ ವೀಕ್ಷಣೆಗೆ ಬಂದಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪತ್ರದಲ್ಲಿ ಒಂದೇ ಸಾಲು ಬರೆದರು: "31 ಮಕ್ಕಳು, 24 ಚುಕ್ಕಿ. ಉಳಿದವರು?"

ಎರಡನೇ ತಪ್ಪು ಇಸವಿಯದು. ಕಾಲರೇಖೆಗೆ ಇಸವಿ ಬೇಕೇ ಬೇಕು, ಅದಿಲ್ಲದೆ ಘಟನೆಯನ್ನು ರೇಖೆಯ ಮೇಲೆ ಇಡಲಾಗದು. ಮಕ್ಕಳು ತಂದ ಹಾಳೆಗಳಲ್ಲಿ ಇಸವಿಗಿಂತ ಹೆಚ್ಚು ಇದ್ದದ್ದು ಮಾತು: "ನೀರು ಬಂದ ವರ್ಷ", "ದೊಡ್ಡಪ್ಪ ಹುಟ್ಟುವ ಮೊದಲು", "ಚೀನಾ ಯುದ್ಧದ ಹೊತ್ತಿಗೆ". "ನೀರು ಬಂದ ವರ್ಷ" ಎಂದಿದ್ದ ಕಡೆಯೆಲ್ಲ 1964 ಎಂದು ತುಂಬಿಸಲು ಹೇಳಿದೆ. ಅಣೆಕಟ್ಟು ಮುಗಿದ ವರ್ಷ ಅದೇ ಅಲ್ಲವೇ? ಮರುದಿನ ಅದೇ ಹುಡುಗಿ ಹಾಳೆ ಹಿಡಿದು ಬಂದಳು. "ಅಜ್ಜಿ ಹಾಗೆ ಹೇಳಲೇ ಇಲ್ಲ ಮೇಡಂ. ಮೊದಲ ಸಲ ನೀರು ಬಂದಾಗ ಅಜ್ಜಿ ಸಣ್ಣೋಳಂತೆ. ಎರಡನೇ ಸಲ ಬಂದಾಗ ಕಂಕುಳಲ್ಲಿ ಮಗು ಇತ್ತಂತೆ."

ಆ ಅಜ್ಜಿಯ ಮನೆಯವರು ಎರಡು ಸಲ ಊರು ಬಿಟ್ಟಿದ್ದರು. ಮೊದಲ ಸಲ ಮಡೇನೂರಿನ ಅಣೆಕಟ್ಟಿಗೆ, ಎರಡನೇ ಸಲ ಲಿಂಗನಮಕ್ಕಿಗೆ. ನಾನು ಹೇಳಿಕೊಟ್ಟ ಒಂದು ಸಂಖ್ಯೆ ಅವರ ಬದುಕಿನ ಒಂದು ಒಕ್ಕಲೆಬ್ಬಿಸುವಿಕೆಯನ್ನೇ ನುಂಗಿತ್ತು. ಅಜ್ಜಿ ಹೇಳದ ಇಸವಿಯನ್ನು ಮೊಮ್ಮಗಳ ಕೈಯಿಂದ ಬರೆಸಿದವಳು ನಾನು.

ಎರಡೂ ತಪ್ಪು ನನ್ನದೇ. ನಕ್ಷೆಯ ತಂತ್ರಾಂಶ ತನಗೆ ತಿಳಿಯದ್ದನ್ನು ತಿಳಿಯದು ಎಂದು ಹೇಳಿತ್ತು, ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ಭೌತವಿಜ್ಞಾನದ ಪ್ರಯೋಗದಲ್ಲಿ ಒಂದು ಅಳತೆ ಸಿಗದಿದ್ದರೆ ಊಹಿಸಿ ಬರೆಯುವಂತಿಲ್ಲ ಎಂದು ನನಗೆ ಗೊತ್ತು. ಅಳತೆಯ ಜೊತೆ ದೋಷದ ಮಿತಿಯನ್ನೂ ಬರೆಯುತ್ತೇವೆ. ಅದೇ ಶಿಸ್ತನ್ನು ಒಬ್ಬ ಅಜ್ಜಿಯ ನೆನಪಿಗೆ ನಾನು ಕೊಟ್ಟಿರಲಿಲ್ಲ.

ಕೋಷ್ಟಕ ಬದಲಿಸಿದ್ದು

ಸಮಾಜ ವಿಜ್ಞಾನದ ಶಿಕ್ಷಕಿಯೂ ನಾನೂ ಸಂಜೆ ಕುಳಿತು ತಂತ್ರಾಂಶಗಳ ಮಾತು ಬದಿಗಿಟ್ಟೆವು. ಮೊದಲು ಸರಿಯಾಗಬೇಕಾದದ್ದು ಕೋಷ್ಟಕ. ನನ್ನ ಕೋಷ್ಟಕದಲ್ಲಿ ಮನೆಗೊಂದು ಅಡ್ಡಸಾಲು ಇತ್ತು. ಎರಡು ಸಲ ಊರು ಬಿಟ್ಟವರಿಗೆ ಅದರಲ್ಲಿ ಜಾಗವೇ ಇಲ್ಲ. ಆದ್ದರಿಂದ ಒಂದು ಸ್ಥಳಾಂತರಕ್ಕೆ ಒಂದು ಸಾಲು ಎಂದು ಮಾಡಿದೆವು. 31 ಮನೆಗಳಿಂದ 44 ಸಾಲುಗಳಾದವು. ಕಂಬಸಾಲುಗಳು ಹೀಗಿದ್ದವು:

– ಮನೆಯ ಸಂಖ್ಯೆ (ಹೆಸರಿಲ್ಲ)
– ಎಲ್ಲಿಂದ
– ಎಲ್ಲಿಗೆ
– ಯಾವಾಗ, ಹಿರಿಯರ ಮಾತಿನಲ್ಲೇ
– ಅತಿ ಮೊದಲೆಂದರೆ ಯಾವ ಇಸವಿ
– ಅತಿ ತಡವೆಂದರೆ ಯಾವ ಇಸವಿ
– ಹೇಗೆ ಗೊತ್ತು: ದಾಖಲೆ, ನೆನಪು ಅಥವಾ ನಮ್ಮ ಲೆಕ್ಕ

ಇಸವಿಗೆ ಎರಡು ಕಂಬಸಾಲು ಇಟ್ಟದ್ದರಿಂದ ದೊಡ್ಡ ಅನುಕೂಲವಾಯಿತು. "ಗಾಂಧೀಜಿ ತೀರಿಕೊಂಡ ವರ್ಷ" ಎಂದರೆ 1948, "ಚೀನಾ ಯುದ್ಧ" ಎಂದರೆ 1962, "ನೆಹರೂ ಹೋದ ವರ್ಷ" ಎಂದರೆ 1964. ಹಿರಿಯರ ನೆನಪನ್ನು ಇಂಥ ಗೊತ್ತಿರುವ ಘಟನೆಗಳ ನಡುವೆ ಇಡುವುದನ್ನು ಶಿಕ್ಷಕಿ ಕಲಿಸಿದರು. ಮಕ್ಕಳು ಮತ್ತೊಮ್ಮೆ ಮನೆಗೆ ಹೋಗಿ, "ಇಂದಿರಾ ಗಾಂಧಿ ಪ್ರಧಾನಿ ಆಗೋ ಮೊದಲೋ ಆಮೇಲೋ?" ಎಂಬಂಥ ಪ್ರಶ್ನೆ ಕೇಳಿ ಬಂದರು. ಮೊದಲ ಸಲ ಐದು ನಿಮಿಷದಲ್ಲಿ ಮುಗಿದಿದ್ದ ಸಂದರ್ಶನ ಎರಡನೇ ಸಲ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿನವರೆಗೂ ನಡೆಯಿತಂತೆ.

ಪ್ರಶ್ನೆಗೆ ತಕ್ಕ ಚಿತ್ರ

ಕೋಷ್ಟಕ ಸಿದ್ಧವಾದ ಮೇಲೆ ತರಗತಿಯನ್ನು ನಾಲ್ಕು ಗುಂಪು ಮಾಡಿದೆವು. ಪ್ರತಿ ಗುಂಪಿಗೂ ಒಂದು ಪ್ರಶ್ನೆ. ಮೊದಲು ಹಾಳೆಯ ಮೇಲೆ ಕೈಯಿಂದ ಚಿತ್ರ ಬರೆಯಬೇಕು, ಆಮೇಲೆ ತಂತ್ರಾಂಶ ಎಂಬುದು ನಿಯಮ.

ಎಲ್ಲಿ? ಈ ಗುಂಪಿಗೆ ನಕ್ಷೆ ಬೇಕು. ತಾಲ್ಲೂಕಿನ ನಕ್ಷೆಯನ್ನು ಡ್ರಾಯಿಂಗ್ ಹಾಳೆಗೆ ಇಳಿಸಿ, ಖಚಿತವಾಗಿ ಗೊತ್ತಿರುವ ಊರಿಗೆ ಬಿಂದಿ ಅಂಟಿಸಿದರು. ಮುಳುಗಿದ ಊರಿಗೆ ಬಿಂದಿ ಬೇಡ, ಹಿರಿಯರು ಹೇಳಿದ ದಿಕ್ಕು ನೋಡಿ ತುಂಡು ಗೆರೆಯ ವೃತ್ತ ಎಂದು ಮಕ್ಕಳೇ ತೀರ್ಮಾನಿಸಿದರು. "ಇಲ್ಲಿ ಎಲ್ಲೋ" ಎಂಬುದರ ಗುರುತು ಅದು. ಆನ್‌ಲೈನ್ ನಕ್ಷೆಗಳಲ್ಲೂ ಇದನ್ನು ಮಾಡಬಹುದು. ಗೂಗಲ್ ಮೈ ಮ್ಯಾಪ್ಸ್ ಮತ್ತು ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಯುಮ್ಯಾಪ್ ಎರಡರಲ್ಲೂ ಚುಕ್ಕಿಯನ್ನು ಕೈಯಿಂದಲೇ ಇಡಬಹುದು, ಚುಕ್ಕಿಯ ಬದಲು ಒಂದು ಪ್ರದೇಶವನ್ನು ಗೆರೆ ಎಳೆದು ತೋರಿಸಬಹುದು. ಹೆಸರು ಕೊಟ್ಟು ತಂತ್ರಾಂಶವೇ ಹುಡುಕಲಿ ಎಂದು ಬಿಡುವುದಕ್ಕಿಂತ ಇದು ನಿಧಾನ, ಆದರೆ ಹೊಸೂರು ತಮಿಳುನಾಡಿಗೆ ಹೋಗುವುದಿಲ್ಲ. ಹಳೆಯ ನಕ್ಷೆ ಬೇಕಾದವರಿಗೆ ಒಂದು ಸೂಚನೆ: 1955ರಿಂದ ಈಚೆಗೆ ಪ್ರಕಟವಾದ ಭಾರತದ ಯು502 ಸರಣಿಯ ಸ್ಥಳಾಕೃತಿ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿವೆ. ಅವುಗಳ ಪ್ರಮಾಣ 1:2,50,000, ಆದ್ದರಿಂದ ಸಣ್ಣ ಮಜರೆಗಳನ್ನು ಅವುಗಳಲ್ಲಿ ನಿರೀಕ್ಷಿಸಬಾರದು.

ಯಾವಾಗ? ಈ ಗುಂಪಿಗೆ ಕಾಲರೇಖೆ. ಗೋಡೆಗೆ ಉದ್ದ ಹಾಳೆ ಅಂಟಿಸಿ, ಖಚಿತ ಇಸವಿಗೆ ಚುಕ್ಕಿ, ಅಂದಾಜಿಗೆ ಅಡ್ಡ ಪಟ್ಟಿ ಎಂದು ಮಾಡಿದರು. 1962ರಿಂದ 1965ರವರೆಗೆ ಎಂದಿದ್ದರೆ ಅಷ್ಟು ಉದ್ದದ ಪಟ್ಟಿ. ಕಂಪ್ಯೂಟರ್‌ನಲ್ಲಿ ಟೈಮ್‌ಲೈನ್‌ಜೆಎಸ್ ಬಳಸಿದೆವು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೈಟ್ ಲ್ಯಾಬ್ ರೂಪಿಸಿದ ಈ ತಂತ್ರಾಂಶಕ್ಕೆ ಒಂದು ಸ್ಪ್ರೆಡ್‌ಶೀಟ್ ತುಂಬಿಸಿ ಕೊಟ್ಟರೆ ಸಾಕು. ಆರಂಭದ ಇಸವಿ ಕಡ್ಡಾಯ, ಆದರೆ ತಿಂಗಳು, ದಿನಾಂಕ ಬೇಕಾಗಿಲ್ಲ. ಮುಕ್ತಾಯದ ಇಸವಿಗೆ ಬೇರೆ ಕಂಬಸಾಲು ಇದೆ. ಪರದೆಯ ಮೇಲೆ ಕಾಣಬೇಕಾದ ದಿನಾಂಕವನ್ನು ನಮ್ಮ ಮಾತಿನಲ್ಲೇ ಬರೆಯಲು ಇನ್ನೊಂದು ಕಂಬಸಾಲು ಇದೆ. ಅಲ್ಲಿ ಮಕ್ಕಳು "ಎರಡನೇ ಸಲ ನೀರು ಬಂದಾಗ" ಎಂದೇ ಬರೆದರು. ಮೊದಲ ದಿನವೇ ಈ ಕಂಬಸಾಲನ್ನು ನೋಡಿದ್ದರೆ ಆ 1964ರ ತಪ್ಪು ಆಗುತ್ತಿರಲಿಲ್ಲ. ತಂತ್ರಾಂಶದ ಮಾದರಿ ಸ್ಪ್ರೆಡ್‌ಶೀಟ್‌ನಲ್ಲಿ ಖಾಲಿ ಬಿಡಬಹುದಾದ ಕಂಬಸಾಲುಗಳು ಏಕಿವೆ ಎಂದು ಓದಿಕೊಳ್ಳುವುದು ಒಳ್ಳೆಯದು.

ಎಷ್ಟು? ಈ ಗುಂಪು ಸ್ತಂಭಾಲೇಖ, ಪೈ ನಕ್ಷೆ ಮಾಡಲು ಹೊರಟಿತು. 31 ಮನೆಗಳ ಮಾಹಿತಿಗೆ ಶೇಕಡಾವಾರು ಹೇಳಿದರೆ ಒಂದೊಂದು ಮನೆಯೂ 3ಕ್ಕಿಂತ ಹೆಚ್ಚು ಶೇಕಡಾ ಆಗುತ್ತದೆ. ಒಬ್ಬರು ಉತ್ತರ ಬದಲಿಸಿದರೆ ಚಿತ್ರವೇ ಬದಲಾಗುತ್ತದೆ. ಆದ್ದರಿಂದ ಮನೆಗೊಂದು ಚುಕ್ಕಿ ಇಟ್ಟು ಕಾರಣಗಳ ಪ್ರಕಾರ ಸಾಲಾಗಿ ಜೋಡಿಸಿದೆವು. ಇದಕ್ಕೆ ತಂತ್ರಾಂಶವೇ ಬೇಡ, ಬಿಂದಿಯ ಪೊಟ್ಟಣ ಸಾಕು.

ಆಲೇಖ ಕಲಿಯಲು ದೊಡ್ಡ ಮಾಹಿತಿಯೂ ಬೇಕಲ್ಲ, ಅದಕ್ಕೆ ಜನಗಣತಿ ತೆಗೆದುಕೊಂಡೆವು. ಈಗಿನ ಕರ್ನಾಟಕದ ಗಡಿಗೆ ಹೊಂದಿಸಿದ ಜನಸಂಖ್ಯೆ 1901ರಲ್ಲಿ 130.5 ಲಕ್ಷ, 1911ರಲ್ಲಿ 135.3 ಲಕ್ಷ, 1921ರಲ್ಲಿ 133.8 ಲಕ್ಷ, 1931ರಲ್ಲಿ 146.3 ಲಕ್ಷ. ಹೀಗೆ ಏರುತ್ತಾ 2011ಕ್ಕೆ 611 ಲಕ್ಷ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ 1901ರಿಂದ 2011ರವರೆಗಿನ ಆಲೇಖ ಮಾಡಿದಾಗ ಮಕ್ಕಳು, "ಏರ್ತಾನೇ ಹೋಗಿದೆ ಮೇಡಂ" ಎಂದರು. 1911 ಮತ್ತು 1921ರ ಸಂಖ್ಯೆ ನೋಡಿ ಎಂದೆ. ಇಳಿದಿದೆ! ಆದರೆ ಚಿತ್ರದಲ್ಲಿ ಕಾಣುವುದಿಲ್ಲ. ಲೆಕ್ಕ ಮಾಡಿಸಿದೆ: 12 ಸೆಂ.ಮೀ. ಎತ್ತರದಲ್ಲಿ 611 ಲಕ್ಷ ತೋರಿಸಿದರೆ 1.5 ಲಕ್ಷದ ಇಳಿಕೆ ಸುಮಾರು 0.3 ಮಿ.ಮೀ. ಮಾತ್ರ. ಮೊದಲ ನಾಲ್ಕು ದಶಕಗಳನ್ನಷ್ಟೇ ತೆಗೆದುಕೊಂಡು ಅಕ್ಷವನ್ನು 130ರಿಂದ 150 ಲಕ್ಷದವರೆಗೆ ಇಟ್ಟರೆ ಅದೇ ಇಳಿಕೆ ಸುಮಾರು 9 ಮಿ.ಮೀ. ಆಗುತ್ತದೆ. ಈಗ ಅದು ಕಾಣುತ್ತದೆ, ಆದರೆ ಅರ್ಧ ನಾಡೇ ಖಾಲಿಯಾದಂತೆಯೂ ಕಾಣುತ್ತದೆ. ಎರಡು ಚಿತ್ರವನ್ನೂ ಅಕ್ಕಪಕ್ಕ ಇಟ್ಟು, ಕೆಳಗೆ ಅಕ್ಷ ಎಲ್ಲಿಂದ ಶುರುವಾಗಿದೆ ಎಂದು ಬರೆಸಿದೆವು. ಆ ದಶಕದಲ್ಲಿ ಏನಾಯಿತು ಎಂದು ಶಿಕ್ಷಕಿ ಕೇಳಿದರು. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಸಂಗತಿ ಅಲ್ಲಿಂದ ಚರ್ಚೆಗೆ ಬಂತು. ಗಣಿತದ ಅವಧಿ ಇತಿಹಾಸದ ಅವಧಿಯಾಯಿತು.

ಏನೆಂದರು? ಈ ಗುಂಪು ಹಿರಿಯರ ಮಾತುಗಳನ್ನು ಟೈಪ್ ಮಾಡಿ, ಹೆಚ್ಚು ಸಲ ಬಂದ ಪದ ದೊಡ್ಡದಾಗಿ ಕಾಣುವ ಪದಮೋಡ ಮಾಡಿತು. ದೊಡ್ಡದಾಗಿ ಕಂಡ ಪದಗಳು "ಅಂತ", "ಮತ್ತೆ", "ಆಮೇಲೆ". "ನೀರು" ಮೂಲೆಯಲ್ಲಿ ಸಣ್ಣದಾಗಿ ಕುಳಿತಿತ್ತು. ಕಾರಣ ಸರಳ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟುತ್ತದೆ. ನೀರು, ನೀರಿಗೆ, ನೀರಲ್ಲಿ, ನೀರಿಂದ, ನೀರೆಲ್ಲ ಇವನ್ನು ತಂತ್ರಾಂಶ ಬೇರೆ ಬೇರೆ ಪದಗಳೆಂದು ಎಣಿಸುತ್ತದೆ. ಇಂಗ್ಲಿಷ್‌ನಲ್ಲಿ ಪ್ರತ್ಯಯದ ಕೆಲಸವನ್ನು ಬಹುತೇಕ ಬೇರೆ ಪದಗಳೇ ಮಾಡುವುದರಿಂದ ಅಲ್ಲಿ ಈ ತೊಂದರೆ ಕಡಿಮೆ. ವಾಯಂಟ್ ಟೂಲ್ಸ್‌ನಂಥ ಪಠ್ಯ ವಿಶ್ಲೇಷಣೆಯ ತಂತ್ರಾಂಶ ಬಳಸುವ ಕನ್ನಡದವರೂ ಇದನ್ನು ನೆನಪಿಡಬೇಕು. ನಮ್ಮ ಮಕ್ಕಳು ಕನ್ನಡ ವ್ಯಾಕರಣದ ಪುಸ್ತಕ ತೆರೆದು, ಮೂಲ ಪದದ ಕೆಳಗೆ ತಾಳೆ ಗುರುತು ಹಾಕಿ ಎಣಿಸಿದರು. ಆಗ "ನೀರು" ಮೊದಲ ಸ್ಥಾನಕ್ಕೆ ಬಂತು, ಅದರ ಹಿಂದೆಯೇ "ಗದ್ದೆ". ಇನ್ನೊಂದು ಸಂಗತಿ: ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದರೆ ಆನ್‌ಲೈನ್ ತಂತ್ರಾಂಶಗಳಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಬೇಕು.

ಒಂದು ಹಳೆಯ ಉದಾಹರಣೆ

ನಾಲ್ಕು ಗುಂಪಿನ ಕೆಲಸ ನಡೆಯುತ್ತಿದ್ದಾಗ ಹತ್ತು ನಿಮಿಷ ಬಿಡುವು ಮಾಡಿ ಮಕ್ಕಳಿಗೆ ಜಾನ್ ಸ್ನೋ ಅವರ ಕಥೆ ಹೇಳಿದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಹರಡಿದಾಗ ಈ ವೈದ್ಯರು ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಗುರುತುಗಳು ಒಂದು ನೀರಿನ ಪಂಪಿನ ಸುತ್ತ ಒತ್ತಾಗಿದ್ದವು. ಆದರೆ ಒಬ್ಬ ವಿಧವೆ ಸತ್ತದ್ದು ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ. ಲೆಕ್ಕಕ್ಕೆ ಹೊಂದದ ಆ ಸಾವನ್ನು ಸ್ನೋ ಬಿಟ್ಟುಬಿಡಲಿಲ್ಲ, ವಿಚಾರಿಸಿದರು. ಆ ಪಂಪಿನ ನೀರು ಇಷ್ಟವೆಂದು ಆಕೆ ಅಲ್ಲಿಂದ ನೀರು ತರಿಸಿಕೊಳ್ಳುತ್ತಿದ್ದರು. ಹೊಂದದ ಚುಕ್ಕಿಯೇ ಅತಿ ಗಟ್ಟಿಯಾದ ಸಾಕ್ಷಿಯಾಯಿತು. ಕಥೆ ಹೇಳುವಾಗ ನನಗೆ ನಾನು ಅಳಿಸಿದ್ದ ಏಳು ಸಾಲುಗಳ ನೆನಪೇ ಬರುತ್ತಿತ್ತು. ಅದನ್ನು ಮಕ್ಕಳಿಗೂ ಹೇಳಿದೆ.

ಹೊರಗೆ ತೋರಿಸುವ ಮೊದಲು

ನಮ್ಮ ಕಾಲರೇಖೆಯನ್ನು ಎಲ್ಲರೂ ನೋಡಲಿ ಎಂದು ಅಂತರಜಾಲಕ್ಕೆ ಹಾಕುವ ಆಸೆ ನನಗಿತ್ತು. ಆಗ ಒಬ್ಬ ಹುಡುಗನ ತಂದೆ ಶಾಲೆಗೆ ಬಂದು, "ಎಲ್ಲಿಂದ ಬಂದ್ವಿ ಅಂತ ಬರೀರಿ ಮೇಡಂ, ಈಗ ಎಲ್ಲಿ ಮನೆ ಕಟ್ಟಿದ್ದೀವಿ ಅನ್ನೋದು ಮಾತ್ರ ಬೇಡ. ಹಕ್ಕುಪತ್ರ ಇನ್ನೂ ಆಗಿಲ್ಲ" ಎಂದರು. ಮನೆಯ ಜಾಗ ತೋರಿಸುವ ಒಂದು ಚುಕ್ಕಿ ನನಗೆ ಬಣ್ಣದ ಗುರುತು, ಅವರಿಗೆ ರಾತ್ರಿಯ ನಿದ್ದೆಯ ಪ್ರಶ್ನೆ.

ಅಂದಿನಿಂದ ತಂತ್ರಾಂಶ ಆರಿಸುವಾಗ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂದೂ ನೋಡುತ್ತೇನೆ. ಟೈಮ್‌ಲೈನ್‌ಜೆಎಸ್‌ಗೆ ಕೊಡುವ ಗೂಗಲ್ ಸ್ಪ್ರೆಡ್‌ಶೀಟ್ ಸಾರ್ವಜನಿಕವಾಗಿ ಪ್ರಕಟವಾಗಿರಬೇಕು. ಟ್ಯಾಬ್ಲೋ ಪಬ್ಲಿಕ್ ಹೆಸರೇ ಹೇಳುವಂತೆ ಸಾರ್ವಜನಿಕ ಪ್ರಕಟಣೆಗೆಂದೇ ಇರುವುದು. ರಾಗ್ರಾಫ್ಸ್ ಮಾಹಿತಿಯನ್ನು ನಮ್ಮ ಬ್ರೌಸರ್‌ನಲ್ಲೇ ಸಂಸ್ಕರಿಸುತ್ತದೆ. ಕ್ಯಾಲ್ಕ್‌ಗೆ ಅಂತರಜಾಲವೇ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ನಾವು ಕೊನೆಗೆ ಹೆಸರು ತೆಗೆದು, ಈಗಿನ ಮನೆಗಳಿಗೆಲ್ಲ ಶಾಲೆಯ ಊರನ್ನೇ ಒಂದೇ ಚುಕ್ಕಿಯಾಗಿ ಇಟ್ಟು, ಎಲ್ಲವನ್ನೂ ಶಾಲೆಯ ಗೋಡೆಗೇ ಸೀಮಿತ ಮಾಡಿದೆವು. ಕಾಲರೇಖೆಯನ್ನು ಪ್ರದರ್ಶನದ ದಿನ ತೋರಿಸಿ, ಸಂಜೆ ಸ್ಪ್ರೆಡ್‌ಶೀಟ್‌ನ ಪ್ರಕಟಣೆ ನಿಲ್ಲಿಸಿದೆವು.

ಮೌಲ್ಯಮಾಪನ

ಮೊದಲಿಗೆ ನನ್ನ ಅಂಕಪಟ್ಟಿಯಲ್ಲಿ ಅಂದಕ್ಕೆ ಹೆಚ್ಚು ಅಂಕವಿತ್ತು. ಅದನ್ನು ಬದಲಿಸಿ 20 ಅಂಕಗಳನ್ನು ಹೀಗೆ ಹಂಚಿದೆ: ಪ್ರಶ್ನೆಗೆ ಚಿತ್ರ ಹೊಂದುತ್ತದೆಯೇ (5), ಶೀರ್ಷಿಕೆ, ಅಕ್ಷ, ಗುರುತುಗಳ ವಿವರಣೆ ಇದೆಯೇ (5), ಗೊತ್ತಿಲ್ಲದ್ದನ್ನು ತೋರಿಸಿದ್ದಾರೆಯೇ (5), ಚಿತ್ರ ನೋಡಿ ಒಂದು ಹೊಸ ಪ್ರಶ್ನೆ ಕೇಳಿದ್ದಾರೆಯೇ (5). ಮೂರನೆಯದಕ್ಕೆ ಅಂಕವಿದೆ ಎಂದು ಗೊತ್ತಾದ ಮೇಲೆ ಮಕ್ಕಳು ಖಾಲಿ ಕೋಶಗಳನ್ನು ಮುಚ್ಚಿಡುವುದನ್ನು ಬಿಟ್ಟರು. "ಗೊತ್ತಿಲ್ಲ, ಅಜ್ಜ ಹೇಳಲು ಒಪ್ಪಲಿಲ್ಲ" ಎಂದು ಒಬ್ಬ ಬರೆದಿದ್ದ. ಅದಕ್ಕೆ ಪೂರ್ಣ ಅಂಕ ಕೊಟ್ಟೆ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ

ಸಮಾಜ ವಿಜ್ಞಾನ ಅಥವಾ ಭಾಷಾ ವಿಷಯದ ಪ್ರಾಜೆಕ್ಟ್‌ಗೆ ತಂತ್ರಾಂಶ ಆರಿಸುವ ಮೊದಲು ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ ಎಂದು ನನ್ನ ಕೋರಿಕೆ:

1. ಮಕ್ಕಳ ಪ್ರಶ್ನೆ ಎಲ್ಲಿ, ಯಾವಾಗ, ಎಷ್ಟು, ಏನು – ಇವುಗಳಲ್ಲಿ ಯಾವುದು?
2. ಆ ಚಿತ್ರವನ್ನು ಮೊದಲು ಕೈಯಿಂದ ಹಾಳೆಯ ಮೇಲೆ ಬರೆದು ನೋಡಿದ್ದೀರಾ? ಅಷ್ಟೇ ಸಾಕಾಗುವುದಿಲ್ಲವೇ?
3. ಕೋಷ್ಟಕದ ಒಂದು ಸಾಲು ಎಂದರೆ ಏನು? ಮನೆಯೋ, ವ್ಯಕ್ತಿಯೋ, ಘಟನೆಯೋ?
4. ಖಾಲಿ ಕೋಶವನ್ನು, "ಸುಮಾರು" ಎಂಬುದನ್ನು ತಂತ್ರಾಂಶ ಏನು ಮಾಡುತ್ತದೆ? ಬಿಡುತ್ತದೆಯೋ, ತಪ್ಪು ಜಾಗಕ್ಕೆ ಇಡುತ್ತದೆಯೋ, ತೋರಿಸಲು ಅವಕಾಶ ಕೊಡುತ್ತದೆಯೋ?
5. ಕನ್ನಡ ಲಿಪಿ ಸರಿಯಾಗಿ ಕಾಣುತ್ತದೆಯೇ? ಪದ ಎಣಿಸುವುದಾದರೆ ಪ್ರತ್ಯಯಗಳ ಗತಿ ಏನು?
6. ಅಂತರಜಾಲ, ಲಾಗಿನ್ ಇಲ್ಲದೆ ನಡೆಯುತ್ತದೆಯೇ? ಮಾಹಿತಿ ಯಾರಿಗೆಲ್ಲ ಕಾಣುತ್ತದೆ?

ಇವುಗಳಲ್ಲಿ ನಾಲ್ಕನೆಯದನ್ನು ಮೊದಲು ಕೇಳಿ. ವಿಜ್ಞಾನದ ಪ್ರಯೋಗದಲ್ಲಿ ಸಿಗದ ಅಳತೆಯನ್ನು ಮತ್ತೊಮ್ಮೆ ಅಳೆಯಬಹುದು. ಮುಳುಗಿದ ಊರನ್ನು, ತೊಂಬತ್ತರ ಹತ್ತಿರದ ಅಜ್ಜಿಯ ನೆನಪನ್ನು ಹಾಗೆ ಮತ್ತೊಮ್ಮೆ ಅಳೆಯಲಾಗದು. ಅವರು ಹೇಳಿದಷ್ಟನ್ನು, ಹೇಳಿದ ಹಾಗೆಯೇ ಇಟ್ಟುಕೊಳ್ಳಬಲ್ಲ ಸಾಧನವೇ ನಮಗೆ ಬೇಕು, ಅದು ಪೆನ್ಸಿಲ್ ಆದರೂ ಸರಿ.

ಪ್ರದರ್ಶನದ ದಿನ ಆ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಬಂದಿದ್ದರು. ನಕ್ಷೆಯಲ್ಲಿ ತುಂಡು ಗೆರೆಯ ಎರಡು ವೃತ್ತಗಳನ್ನು ಮೊಮ್ಮಗಳು ತೋರಿಸಿದಳು. ಅಜ್ಜಿ ಸ್ವಲ್ಪ ಹೊತ್ತು ನೋಡಿ, ಎರಡನೆಯದರ ಮೇಲೆ ಬೆರಳಿಟ್ಟು, "ಇದು ಇಷ್ಟು ಮೇಲಲ್ಲ ತಂಗಿ, ಹೊಳೆ ಇತ್ತ ಕಡೆ ತಿರುಗ್ತಿತ್ತು, ಅಲ್ಲಿ" ಎಂದರು. ಹುಡುಗಿ ರಬ್ಬರ್ ತಂದಳು.